ಹಿರಿಯ ನಾಗರಿಕರ ಮೇಲಿನ ಹಣಕಾಸು ವಂಚನೆಗಳ ತನಿಖೆ

ಹಿರಿಯ ನಾಗರಿಕರ ಮೇಲಿನ ಹಣಕಾಸು ವಂಚನೆಗಳ ತನಿಖೆ ಎಂಬುದು 60 ವರ್ಷ ಅಥವಾ ಅದಕ್ಕೂ ಹೆಚ್ಚಿನ ವಯಸ್ಸಿನವರ ಉಳಿತಾಯ, ಪಿಂಚಣಿ, ಠೇವಣಿ, ಮನೆ ಅಥವಾ ಜಮೀನನ್ನು ಮೋಸದಿಂದ ಪಡೆಯುವ ಅಪರಾಧಗಳನ್ನು ಪತ್ತೆಹಚ್ಚಿ, ಸಾಧ್ಯವಾದಷ್ಟು ಹಣವನ್ನು ಮರಳಿಸಿ, ಆರೋಪಿಗಳನ್ನು ನ್ಯಾಯಾಲಯದ ಮುಂದೆ ನಿಲ್ಲಿಸುವ ಪೊಲೀಸ್ ಕಾರ್ಯಕ್ಷೇತ್ರವಾಗಿದೆ. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ವೃತ್ತಿಶ್ರೇಣಿ ಇಲ್ಲ. ಸೈಬರ್ ಅಪರಾಧ ಠಾಣೆಗಳು, ಕಾನೂನು ಮತ್ತು ಸುವ್ಯವಸ್ಥೆ ಠಾಣೆಗಳು, ರಾಜ್ಯ ಅಪರಾಧ ತನಿಖಾ ಇಲಾಖೆ (ಸಿಐಡಿ) ಮತ್ತು ಕೇಂದ್ರೀಯ ತನಿಖಾ ದಳ (ಸಿಬಿಐ) ಪ್ರಕರಣದ ಸ್ವರೂಪಕ್ಕೆ ಅನುಗುಣವಾಗಿ ಇಂತಹ ತನಿಖೆಗಳನ್ನು ನಡೆಸುತ್ತವೆ.

ಈ ಅಪರಾಧಗಳಿಗೆ ಒಂದು ಸಮಾನ ಲಕ್ಷಣವಿದೆ. ಕಳ್ಳತನ ಅಥವಾ ದರೋಡೆಯಲ್ಲಿ ಹಣವನ್ನು ಅಪರಾಧಿ ಕಸಿದುಕೊಳ್ಳುತ್ತಾನೆ. ಇಲ್ಲಿ ಬಹಳಷ್ಟು ಸಂದರ್ಭಗಳಲ್ಲಿ ಬ್ಯಾಂಕಿಗೆ ಹೋಗಿ ಹಣ ವರ್ಗಾಯಿಸುವವರು, ಪತ್ರಕ್ಕೆ ಸಹಿ ಹಾಕುವವರು ಸಂತ್ರಸ್ತರೇ ಆಗಿರುತ್ತಾರೆ. ಆದ್ದರಿಂದ ಹಣ ಎಲ್ಲಿಗೆ ಹೋಯಿತು ಎಂಬುದರ ಜೊತೆಗೆ, ಆ ಒಪ್ಪಿಗೆಯನ್ನು ಯಾವ ಭಯ, ಸುಳ್ಳು ಅಥವಾ ನಂಬಿಕೆಯ ಮೂಲಕ ಪಡೆಯಲಾಯಿತು ಎಂಬುದನ್ನೂ ತನಿಖಾಧಿಕಾರಿ ಸಾಬೀತುಪಡಿಸಬೇಕಾಗುತ್ತದೆ. ವಂಚನೆಗೊಳಗಾದ ಹಿರಿಯರು ನಾಚಿಕೆಯಿಂದಲೋ, ಮಕ್ಕಳು ಏನೆಂದುಕೊಳ್ಳುವರೋ ಎಂಬ ಅಂಜಿಕೆಯಿಂದಲೋ ವಿಷಯವನ್ನು ಮುಚ್ಚಿಡುವುದು ತನಿಖೆಗೆ ಇರುವ ದೊಡ್ಡ ಅಡ್ಡಿಗಳಲ್ಲಿ ಒಂದು.

## ಹಿನ್ನೆಲೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಸಂಖ್ಯೆ ಸುಮಾರು 10.4 ಕೋಟಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಅಧಿನಿಯಮವು 60 ವರ್ಷ ತುಂಬಿದ ಭಾರತೀಯ ಪ್ರಜೆಯನ್ನು ಹಿರಿಯ ನಾಗರಿಕ ಎಂದು ವ್ಯಾಖ್ಯಾನಿಸುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2014ರ ವರದಿಯಿಂದ ಹಿರಿಯ ನಾಗರಿಕರ ಮೇಲಿನ ಅಪರಾಧಗಳ ಅಂಕಿ ಅಂಶಗಳನ್ನು ಪ್ರತ್ಯೇಕವಾಗಿ ಪ್ರಕಟಿಸುತ್ತಿದೆ.

ನಿವೃತ್ತರ ಬಳಿ ಜೀವಮಾನದ ಗಳಿಕೆ ಒಂದೇ ಕಡೆ ಠೇವಣಿಯ ರೂಪದಲ್ಲಿ ಇರುವುದು, ಮಕ್ಕಳು ಬೇರೆ ಊರು ಅಥವಾ ದೇಶಗಳಲ್ಲಿ ನೆಲೆಸಿರುವುದು, ಸರ್ಕಾರಿ ಮುದ್ರೆಯ ಕಾಗದ ಹಾಗೂ ಪೊಲೀಸ್ ಸಮವಸ್ತ್ರದ ಬಗ್ಗೆ ಆ ತಲೆಮಾರಿಗಿರುವ ಗೌರವ ಇವುಗಳನ್ನು ವಂಚಕರು ಬಳಸಿಕೊಳ್ಳುತ್ತಾರೆ. ವಂಚನೆಗೊಳಗಾದವರೆಲ್ಲ ಅನಕ್ಷರಸ್ಥರು ಅಥವಾ ಮರೆವಿನ ರೋಗಿಗಳು ಎಂಬ ಭಾವನೆ ಸರಿಯಲ್ಲ. 2024ರಲ್ಲಿ ಲೂಧಿಯಾನದ ವರ್ಧಮಾನ್ ಜವಳಿ ಸಮೂಹದ ಅಧ್ಯಕ್ಷ, 82 ವರ್ಷದ ಎಸ್. ಪಿ. ಓಸ್ವಾಲ್ ಅವರಿಂದ ವಂಚಕರು 7 ಕೋಟಿ ರೂಪಾಯಿ ಪಡೆದಿದ್ದರು. ಅದಕ್ಕಾಗಿ ಸುಪ್ರೀಂ ಕೋರ್ಟ್‌ನ ನಕಲಿ ವಿಚಾರಣೆಯೊಂದನ್ನು ವಿಡಿಯೊ ಕರೆಯಲ್ಲಿ ಸೃಷ್ಟಿಸಿದ್ದರು. ಪಂಜಾಬ್ ಪೊಲೀಸರು ತ್ವರಿತವಾಗಿ ಖಾತೆಗಳನ್ನು ತಡೆಹಿಡಿದು ಸುಮಾರು 5.25 ಕೋಟಿ ರೂಪಾಯಿಯನ್ನು ವಶಪಡಿಸಿಕೊಂಡರು.

## ವಂಚನೆಯ ಪ್ರಕಾರಗಳು

### ಅಪರಿಚಿತರಿಂದ ನಡೆಯುವ ವಂಚನೆ

* ಡಿಜಿಟಲ್ ಅರೆಸ್ಟ್: ಸಂತ್ರಸ್ತರ ಹೆಸರಿನಲ್ಲಿ ಮಾದಕವಸ್ತುವಿನ ಪಾರ್ಸೆಲ್ ಬಂದಿದೆ ಅಥವಾ ಅವರ ಆಧಾರ್ ಸಂಖ್ಯೆ ಅಕ್ರಮ ಹಣ ವರ್ಗಾವಣೆಗೆ ಬಳಕೆಯಾಗಿದೆ ಎಂದು ಹೇಳಿ, ಪೊಲೀಸ್, ಸಿಬಿಐ ಅಥವಾ ಜಾರಿ ನಿರ್ದೇಶನಾಲಯದ ಅಧಿಕಾರಿಗಳ ಸೋಗಿನಲ್ಲಿ ಬೆದರಿಸಲಾಗುತ್ತದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ವಿಡಿಯೊ ಕರೆಯ ಮುಂದೆ ಕೂರಿಸಿ, ‘ಪರಿಶೀಲನೆಗಾಗಿ’ ಹಣ ವರ್ಗಾಯಿಸುವಂತೆ ಒತ್ತಾಯಿಸಲಾಗುತ್ತದೆ. ಭಾರತದ ಯಾವುದೇ ಕಾನೂನಿನಲ್ಲಿ ಇಂತಹ ಬಂಧನಕ್ಕೆ ಅವಕಾಶವಿಲ್ಲ.
* ಪಿಂಚಣಿ ಮತ್ತು ಕೆವೈಸಿ ವಂಚನೆ: ಜೀವಂತ ಪ್ರಮಾಣಪತ್ರ ನವೀಕರಿಸಬೇಕು, ಬ್ಯಾಂಕ್ ಖಾತೆ ಸ್ಥಗಿತವಾಗಲಿದೆ, ವಿದ್ಯುತ್ ಸಂಪರ್ಕ ಕಡಿತವಾಗಲಿದೆ ಎಂದು ನಂಬಿಸಿ ಒಟಿಪಿ ಪಡೆಯಲಾಗುತ್ತದೆ ಅಥವಾ ಫೋನನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸಲಾಗುತ್ತದೆ.
* ಹೂಡಿಕೆ ವಂಚನೆ: ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪುಗಳ ಮೂಲಕ ನಕಲಿ ಷೇರು ವಹಿವಾಟಿನ ಆ್ಯಪ್‌ಗಳಲ್ಲಿ ಹಣ ತೊಡಗಿಸುವಂತೆ ಮಾಡಲಾಗುತ್ತದೆ. ಆರಂಭದಲ್ಲಿ ಅಲ್ಪ ಲಾಭ ಮರಳಿಸಿ ನಂಬಿಕೆ ಗಳಿಸುವುದು ಇದರ ಸಾಮಾನ್ಯ ಕ್ರಮ.
* ಠೇವಣಿ ವಂಚನೆ: ಹೆಚ್ಚು ಬಡ್ಡಿಯ ಆಮಿಷ ತೋರಿಸುವ ಹಣಕಾಸು ಸಂಸ್ಥೆಗಳಲ್ಲಿ ನಿವೃತ್ತರು ಕೂಡಿಟ್ಟ ಹಣವನ್ನು ಕಳೆದುಕೊಳ್ಳುತ್ತಾರೆ. ಕರ್ನಾಟಕದಲ್ಲಿ ಇಂತಹ ಪ್ರಕರಣಗಳಿಗೆ 2004ರ ಕರ್ನಾಟಕ ಹಣಕಾಸು ಸಂಸ್ಥೆಗಳಲ್ಲಿ ಠೇವಣಿದಾರರ ಹಿತಾಸಕ್ತಿ ಸಂರಕ್ಷಣಾ ಅಧಿನಿಯಮ ಅನ್ವಯಿಸುತ್ತದೆ. ಸಂಸ್ಥೆಯ ಆಸ್ತಿಯನ್ನು ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಠೇವಣಿದಾರರಿಗೆ ಹಂಚಲು ಇದರಲ್ಲಿ ಅವಕಾಶವಿದೆ.

### ಪರಿಚಿತರಿಂದ ನಡೆಯುವ ವಂಚನೆ

ಮಕ್ಕಳು, ಸಂಬಂಧಿಕರು, ಮನೆಗೆಲಸದವರು, ಆರೈಕೆದಾರರು ಅಥವಾ ನೆರೆಹೊರೆಯವರು ನಡೆಸುವ ವಂಚನೆ ಹೊರಗೆ ಕಾಣುವುದು ಕಡಿಮೆ. ಎಟಿಎಂ ಕಾರ್ಡ್ ಮತ್ತು ಪಿನ್ ಬಳಸಿ ಪಿಂಚಣಿ ತೆಗೆದುಕೊಳ್ಳುವುದು, ಚಿಕಿತ್ಸೆಯ ಕಾಗದವೆಂದು ಹೇಳಿ ದಾನಪತ್ರ ಅಥವಾ ಅಧಿಕಾರಪತ್ರಕ್ಕೆ ಸಹಿ ಹಾಕಿಸುವುದು, ಹಾಸಿಗೆ ಹಿಡಿದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು, ನಕಲಿ ಉಯಿಲು ಸೃಷ್ಟಿಸುವುದು ಈ ಬಗೆಯವು. ತಮ್ಮನ್ನು ನೋಡಿಕೊಳ್ಳುವವರೇ ಜೈಲಿಗೆ ಹೋದರೆ ಮುಂದೇನು ಎಂಬ ಚಿಂತೆಯಿಂದ ಹಿರಿಯರು ದೂರು ನೀಡಲು ಹಿಂಜರಿಯುತ್ತಾರೆ, ಕೆಲವರು ನೀಡಿದ ದೂರನ್ನು ಹಿಂಪಡೆಯುತ್ತಾರೆ.

## ಕಾನೂನು ಚೌಕಟ್ಟು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆ (ಕಲಂ 318), ಸೋಗು ಹಾಕಿ ವಂಚಿಸುವುದು (ಕಲಂ 319), ಸರ್ಕಾರಿ ನೌಕರನ ಸೋಗು ಹಾಕುವುದು (ಕಲಂ 204), ಸುಲಿಗೆ (ಕಲಂ 308), ನಂಬಿಕೆ ದ್ರೋಹ (ಕಲಂ 316) ಮತ್ತು ಸಂಘಟಿತ ಅಪರಾಧ (ಕಲಂ 111) ಈ ಪ್ರಕರಣಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಕಲಮುಗಳು. ಫೋನ್ ಅಥವಾ ಕಂಪ್ಯೂಟರ್ ಬಳಸಿದ್ದರೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಸಿ ಮತ್ತು 66ಡಿ ಕಲಮುಗಳನ್ನೂ ಸೇರಿಸಲಾಗುತ್ತದೆ.

ತನಿಖೆಯ ವಿಧಾನವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ನಿಗದಿಪಡಿಸುತ್ತದೆ. ಅದರ ಕಲಂ 173ರ ಪ್ರಕಾರ ಘಟನೆ ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆ ದೂರು ದಾಖಲಿಸಿಕೊಳ್ಳಬೇಕು. ವಿದ್ಯುನ್ಮಾನ ರೂಪದಲ್ಲಿ ನೀಡಿದ ಮಾಹಿತಿಗೆ ದೂರುದಾರರು 3 ದಿನಗಳೊಳಗೆ ಸಹಿ ಹಾಕಬೇಕು. ಕಲಂ 179 ಹಿರಿಯರಿಗೆ ವಿಶೇಷವಾಗಿ ಸಂಬಂಧಿಸಿದೆ: 60 ವರ್ಷ ಮೀರಿದ ವ್ಯಕ್ತಿಯನ್ನು ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ, ಅಧಿಕಾರಿಯೇ ಅವರ ಮನೆಗೆ ಹೋಗಬೇಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈ ವಯೋಮಿತಿ 65 ಆಗಿತ್ತು.

ಪರಿಚಿತರ ವಂಚನೆಯಲ್ಲಿ ಸಿವಿಲ್ ಕಾನೂನಿಗೂ ಪಾತ್ರವಿದೆ. 1872ರ ಭಾರತೀಯ ಒಪ್ಪಂದ ಅಧಿನಿಯಮದ ಕಲಂ 16, ವಯಸ್ಸು ಅಥವಾ ಅನಾರೋಗ್ಯದಿಂದ ಮಾನಸಿಕ ಸಾಮರ್ಥ್ಯ ಕುಗ್ಗಿದವರ ಮೇಲೆ ಬೀರುವ ಅನುಚಿತ ಪ್ರಭಾವವನ್ನು ಗುರುತಿಸುತ್ತದೆ. 2007ರ ಅಧಿನಿಯಮದ ಕಲಂ 23ರ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ಷರತ್ತು ಪಾಲಿಸದಿದ್ದರೆ ಆ ವರ್ಗಾವಣೆಯನ್ನು ನ್ಯಾಯಮಂಡಳಿ ಅನೂರ್ಜಿತ ಎಂದು ಘೋಷಿಸಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಗಳು ಈ ನ್ಯಾಯಮಂಡಳಿಯ ಅಧ್ಯಕ್ಷರಾಗಿರುತ್ತಾರೆ.

## ತನಿಖೆಯ ಹಂತಗಳು

### ಮೊದಲ ಗಂಟೆಗಳು

ಅಪರಿಚಿತರ ವಂಚನೆಯಲ್ಲಿ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಮೊದಲ ಖಾತೆಗೆ ಬಂದ ಮೊತ್ತ ಕೆಲವೇ ನಿಮಿಷಗಳಲ್ಲಿ ಹಲವು ಖಾತೆಗಳಿಗೆ ಹರಿದು, ಅಲ್ಲಿಂದ ನಗದಾಗಿಯೋ ಕ್ರಿಪ್ಟೊ ಕರೆನ್ಸಿಯಾಗಿಯೋ ಹೊರಹೋಗುತ್ತದೆ. ವಂಚನೆಯಾದ ಕೂಡಲೇ ದೊರೆಯುವ ಈ ಅಲ್ಪಾವಧಿಯನ್ನು ಪೊಲೀಸರು ‘ಗೋಲ್ಡನ್ ಅವರ್’ ಎಂದು ಕರೆಯುತ್ತಾರೆ.

ಈ ಅವಧಿಯಲ್ಲಿ ಹಣ ತಡೆಹಿಡಿಯಲು ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿರುವ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2021ರಲ್ಲಿ ನಾಗರಿಕ ಹಣಕಾಸು ಸೈಬರ್ ವಂಚನೆ ವರದಿ ವ್ಯವಸ್ಥೆಯನ್ನು ಆರಂಭಿಸಿತು. ಇದರ ಸಹಾಯವಾಣಿ ಸಂಖ್ಯೆ ಮೊದಲು 155260 ಆಗಿದ್ದು, ನಂತರ 1930 ಆಯಿತು. ಕರೆಯಲ್ಲಿ ನೀಡಿದ ವಹಿವಾಟಿನ ವಿವರ ಸಂಬಂಧಪಟ್ಟ ಬ್ಯಾಂಕಿಗೆ ಆನ್‌ಲೈನ್ ಮೂಲಕ ತಲುಪುತ್ತದೆ. ಹಣ ಇನ್ನೂ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯಲಾಗುತ್ತದೆ. ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಸಂಸತ್ತಿಗೆ ನೀಡಿದ ಮಾಹಿತಿಯ ಪ್ರಕಾರ, 17.82 ಲಕ್ಷಕ್ಕೂ ಹೆಚ್ಚು ದೂರುಗಳಲ್ಲಿ 5,489 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಈ ವ್ಯವಸ್ಥೆಯ ಮೂಲಕ ಉಳಿಸಲಾಗಿತ್ತು.

### ಸಂತ್ರಸ್ತರ ಹೇಳಿಕೆ

ಹಿರಿಯರ ಹೇಳಿಕೆ ಪಡೆಯುವುದು ಈ ಕ್ಷೇತ್ರದಲ್ಲಿ ವಿಶೇಷ ಕೌಶಲ ಬೇಡುವ ಕೆಲಸ. ನಕಲಿ ಪೊಲೀಸರಿಂದ ದಿನಗಟ್ಟಲೆ ಬೆದರಿಕೆ ಅನುಭವಿಸಿದವರು ನಿಜವಾದ ಪೊಲೀಸರನ್ನೂ ಮೊದಲಿಗೆ ನಂಬದಿರಬಹುದು. ಶ್ರವಣದೋಷ, ದಣಿವು, ಔಷಧಿಯ ವೇಳೆ ಇವುಗಳನ್ನು ಗಮನದಲ್ಲಿಟ್ಟು, ಅವರಿಗೆ ತಿಳಿದ ಭಾಷೆಯಲ್ಲಿ, ಅಗತ್ಯವಿದ್ದರೆ ಹಲವು ಬಾರಿ ಮಾತನಾಡಬೇಕಾಗುತ್ತದೆ. ‘ಇಷ್ಟು ಓದಿದವರು ಹೇಗೆ ಮೋಸಹೋದಿರಿ’ ಎಂಬಂತಹ ಪ್ರಶ್ನೆಯಿಂದ ಸಂತ್ರಸ್ತರು ಮಾತು ನಿಲ್ಲಿಸುವ ಅಪಾಯವಿದೆ. ದಿನಾಂಕಗಳು ನೆನಪಿಲ್ಲದಿದ್ದಾಗ ಪಾಸ್‌ಬುಕ್, ಕರೆಗಳ ಪಟ್ಟಿ ಮತ್ತು ಸಂದೇಶಗಳನ್ನು ಮುಂದಿಟ್ಟುಕೊಂಡು ಘಟನಾಕ್ರಮವನ್ನು ಜೋಡಿಸಲಾಗುತ್ತದೆ. ಪರಿಚಿತರ ಮೇಲೆಯೇ ಅನುಮಾನವಿದ್ದರೆ ಅವರನ್ನು ಹೊರಗಿಟ್ಟು ಹಿರಿಯರೊಂದಿಗೆ ಪ್ರತ್ಯೇಕವಾಗಿ ಮಾತನಾಡುವುದು ಅಗತ್ಯ.

ತನಿಖೆಯ ವೇಗವೂ ಪ್ರಕರಣದ ಬಗೆಗೆ ತಕ್ಕಂತೆ ಬದಲಾಗುತ್ತದೆ. ಅಪರಿಚಿತರ ವಂಚನೆಯಲ್ಲಿ ಹೇಳಿಕೆ ಪೂರ್ಣಗೊಳ್ಳುವ ಮೊದಲೇ ಹಣ ತಡೆಯುವ ಕೆಲಸ ಆರಂಭವಾಗಬೇಕು. ಪರಿಚಿತರ ವಂಚನೆಯಲ್ಲಿ ಹಲವು ವರ್ಷಗಳ ಲೆಕ್ಕ, ವೈದ್ಯಕೀಯ ದಾಖಲೆ ಮತ್ತು ಉಪನೋಂದಣಾಧಿಕಾರಿ ಕಚೇರಿಯ ಪತ್ರಗಳನ್ನು ನಿಧಾನವಾಗಿ ಹೋಲಿಸಿ ನೋಡಬೇಕಾಗುತ್ತದೆ.

### ಹಣದ ಜಾಡು

ಹಣ ಸಾಗಿದ ಪ್ರತಿಯೊಂದು ಖಾತೆಯ ವಿವರ, ಖಾತೆ ತೆರೆಯುವಾಗ ನೀಡಿದ ದಾಖಲೆ, ಜೋಡಿಸಿದ ಮೊಬೈಲ್ ಸಂಖ್ಯೆ, ಎಟಿಎಂ ಕೇಂದ್ರದ ಸಿಸಿಟಿವಿ ದೃಶ್ಯ ಮತ್ತು ಲಾಗಿನ್ ಆದ ಐಪಿ ವಿಳಾಸಗಳನ್ನು ಸಂಗ್ರಹಿಸಲಾಗುತ್ತದೆ. ಮೊದಲ ಹಂತದ ಖಾತೆಗಳು ಸಾಮಾನ್ಯವಾಗಿ ಬಾಡಿಗೆ ಖಾತೆಗಳಾಗಿರುತ್ತವೆ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಸಿಮ್ ಒಪ್ಪಿಸಿದ ವಿದ್ಯಾರ್ಥಿಗಳು, ಕೂಲಿ ಕಾರ್ಮಿಕರು ಅಥವಾ ಸಣ್ಣ ವ್ಯಾಪಾರಿಗಳು ಅವುಗಳ ಮಾಲೀಕರಾಗಿರುತ್ತಾರೆ. ಆದ್ದರಿಂದ ಮೊದಲು ಸೆರೆಸಿಕ್ಕವರು ಜಾಲದ ಕೆಳಹಂತದವರೇ ಆಗಿರುವುದು ಹೆಚ್ಚು. ಕರೆ ಮಾಡುವ ಕೇಂದ್ರಗಳಲ್ಲಿ ಅನೇಕವು ಕಾಂಬೋಡಿಯಾ, ಮ್ಯಾನ್ಮಾರ್ ಮತ್ತು ಲಾವೋಸ್‌ನಲ್ಲಿ ಇರುವುದು ತನಿಖೆಗಳಿಂದ ತಿಳಿದುಬಂದಿದೆ. ಉದ್ಯೋಗದ ಆಮಿಷಕ್ಕೆ ಒಳಗಾಗಿ ಹೋದ ಭಾರತೀಯರನ್ನು ಅಲ್ಲಿ ಬಲವಂತವಾಗಿ ದುಡಿಸಿಕೊಂಡ ಪ್ರಕರಣಗಳೂ ಇವೆ.

ಬಾಡಿಗೆ ಖಾತೆಗಳನ್ನು ಗುರುತಿಸಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ಕೃತಕ ಬುದ್ಧಿಮತ್ತೆ ಆಧಾರಿತ ‘ಮ್ಯೂಲ್‌ಹಂಟರ್’ ಎಂಬ ತಂತ್ರಾಂಶವನ್ನು ರೂಪಿಸಿದೆ.

### ಸಾಕ್ಷ್ಯ ಮತ್ತು ಹಣದ ಮರಳಿಕೆ

ಚಾಟ್, ಕರೆ ದಾಖಲೆ, ಸ್ಕ್ರೀನ್‌ಶಾಟ್ ಮುಂತಾದವುಗಳನ್ನು ನ್ಯಾಯಾಲಯ ಒಪ್ಪಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಅಡಿಯಲ್ಲಿ ಪ್ರಮಾಣಪತ್ರ ಬೇಕಾಗುತ್ತದೆ. ಮನೆಯವರು ಗಾಬರಿಯಿಂದ ವಂಚಕರ ಸಂದೇಶಗಳನ್ನು ಅಳಿಸಿಹಾಕಿದರೆ ಮುಖ್ಯ ಸಾಕ್ಷ್ಯವೇ ಇಲ್ಲವಾಗುವ ಸಂಭವವಿದೆ. ತಡೆಹಿಡಿದ ಹಣ ತಾನಾಗಿ ಸಂತ್ರಸ್ತರ ಖಾತೆಗೆ ಮರಳುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ ನ್ಯಾಯಾಲಯದ ಆದೇಶ ಅಗತ್ಯ. ಕೆಲವು ರಾಜ್ಯಗಳಲ್ಲಿ ಲೋಕ ಅದಾಲತ್ ಮೂಲಕವೂ ಹಣ ಬಿಡುಗಡೆ ಮಾಡಿಸಲಾಗಿದೆ.

## ವೃತ್ತಿ ಮತ್ತು ತರಬೇತಿ

ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 78ರ ಪ್ರಕಾರ ಆ ಕಾನೂನಿನ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿಯೇ ತನಿಖೆ ಮಾಡಬೇಕು. ಮೂಲ ಕಾನೂನಿನಲ್ಲಿ ಈ ಅಧಿಕಾರ ಡಿವೈಎಸ್‌ಪಿ ದರ್ಜೆಯವರಿಗೆ ಮಾತ್ರ ಇತ್ತು. 2009ರಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಸಡಿಲಿಸಿತು. ಪ್ರಕರಣದ ಹೊಣೆ ಇನ್‌ಸ್ಪೆಕ್ಟರ್ ಮೇಲಿದ್ದರೂ ಬ್ಯಾಂಕುಗಳೊಂದಿಗೆ ಪತ್ರ ವ್ಯವಹಾರ, ಖಾತೆಗಳ ಪಟ್ಟಿ ತಯಾರಿಕೆ ಮತ್ತು ಹೊರರಾಜ್ಯಗಳಿಗೆ ತೆರಳಿ ಆರೋಪಿಗಳನ್ನು ಕರೆತರುವ ಕೆಲಸದಲ್ಲಿ ಸಬ್ ಇನ್‌ಸ್ಪೆಕ್ಟರ್ ಮತ್ತು ಕಾನ್‌ಸ್ಟೇಬಲ್‌ಗಳ ಪಾತ್ರ ದೊಡ್ಡದು.

ಕರ್ನಾಟಕದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಸಿಐಡಿ ಅಡಿಯಲ್ಲಿ ಸ್ಥಾಪನೆಯಾಯಿತು. ನಂತರ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿ ‘ಸೆನ್’ ಎಂಬ ಹೆಸರಿನ ಠಾಣೆಗಳು ಆರಂಭವಾದವು. 2025ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಸೈಬರ್ ಕಮಾಂಡ್ ಘಟಕವನ್ನು ರಚಿಸಿತು. ಅಧಿಕಾರಿಗಳ ತರಬೇತಿಗೆ ಸಿಐಡಿಯಲ್ಲಿ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರವಿದೆ. ಕೇಂದ್ರ ಸರ್ಕಾರದ ‘ಸೈಟ್ರೇನ್’ ಜಾಲತಾಣದಲ್ಲಿಯೂ ಪೊಲೀಸರು ಮತ್ತು ನ್ಯಾಯಾಂಗ ಅಧಿಕಾರಿಗಳಿಗೆ ಪಾಠಗಳು ಲಭ್ಯ. ಹಿರಿಯರಿಗಾಗಿ ಬೆಂಗಳೂರು ನಗರ ಪೊಲೀಸ್ ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ಜಂಟಿಯಾಗಿ 1090 ಸಹಾಯವಾಣಿಯನ್ನು ಆರಂಭಿಸಿದವು. ರಾಷ್ಟ್ರಮಟ್ಟದಲ್ಲಿ ಹಿರಿಯರ ಸಹಾಯವಾಣಿಯ ಸಂಖ್ಯೆ 14567.

## ಪ್ರಮುಖ ಬೆಳವಣಿಗೆಗಳು

ಕೇಂದ್ರ ಸರ್ಕಾರ ರಾಜ್ಯಸಭೆಗೆ ನೀಡಿದ ಮಾಹಿತಿಯಂತೆ, ಡಿಜಿಟಲ್ ಅರೆಸ್ಟ್ ಮತ್ತು ಸಂಬಂಧಿತ ಅಪರಾಧಗಳು ಹೀಗೆ ಹೆಚ್ಚಾದವು. ಇವು ಎಲ್ಲ ವಯಸ್ಸಿನವರ ದೂರುಗಳನ್ನೂ ಒಳಗೊಂಡಿವೆ:

* 2022: 39,925 ದೂರುಗಳು, 91.14 ಕೋಟಿ ರೂಪಾಯಿ ನಷ್ಟ
* 2024: 1,23,672 ದೂರುಗಳು, 1,935.51 ಕೋಟಿ ರೂಪಾಯಿ ನಷ್ಟ

2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಇಂತಹ ಜಾಲಕ್ಕೆ ಸಿಲುಕಿ 50 ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡಿದ್ದ ವೃದ್ಧ ದಂಪತಿ ಆತ್ಮಹತ್ಯೆ ಮಾಡಿಕೊಂಡರು. ಈ ಅಪರಾಧದ ಪರಿಣಾಮ ಹಣದ ನಷ್ಟಕ್ಕಷ್ಟೇ ಸೀಮಿತವಲ್ಲ ಎಂಬುದನ್ನು ಈ ಘಟನೆ ರಾಜ್ಯದ ಗಮನಕ್ಕೆ ತಂದಿತು.

2025ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ನ್ಯಾಯಾಲಯ, ನಿವೃತ್ತ ವಿಜ್ಞಾನಿಯೊಬ್ಬರಿಂದ 1 ಕೋಟಿ ರೂಪಾಯಿ ವಂಚಿಸಿದ ಪ್ರಕರಣದಲ್ಲಿ 9 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಡಿಜಿಟಲ್ ಅರೆಸ್ಟ್ ಪ್ರಕರಣಗಳಲ್ಲಿ ದೇಶದಲ್ಲಿ ವಿಧಿಸಲಾದ ಆರಂಭಿಕ ಶಿಕ್ಷೆಗಳಲ್ಲಿ ಇದು ಒಂದು.

2025ರ ಅಕ್ಟೋಬರ್‌ನಲ್ಲಿ ಹರಿಯಾಣದ ಅಂಬಾಲದ ವೃದ್ಧೆಯೊಬ್ಬರ ದೂರನ್ನು ಆಧರಿಸಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತ ವಿಚಾರಣೆ ಕೈಗೆತ್ತಿಕೊಂಡಿತು. ವಂಚಕರು ಸುಪ್ರೀಂ ಕೋರ್ಟ್‌ನ ನಕಲಿ ಆದೇಶಗಳನ್ನು ತೋರಿಸಿ ಅವರಿಂದ 1 ಕೋಟಿ ರೂಪಾಯಿಗೂ ಹೆಚ್ಚು ಪಡೆದಿದ್ದರು. ಅದೇ ವರ್ಷ ಡಿಸೆಂಬರ್ 1ರಂದು ನ್ಯಾಯಾಲಯವು ದೇಶದಾದ್ಯಂತ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆ ನಡೆಸುವಂತೆ ಸಿಬಿಐಗೆ ಸೂಚಿಸಿತು.

## ಸವಾಲುಗಳು

* ಒಪ್ಪಿಗೆಯ ಪ್ರಶ್ನೆ: ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಮೂರನೆಯವರ ಕೃತ್ಯದಿಂದಾದ ಅನಧಿಕೃತ ವಹಿವಾಟನ್ನು 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ನಷ್ಟದ ಹೊಣೆಯಿಲ್ಲ. ಆದರೆ ಭಯಕ್ಕೆ ಸಿಲುಕಿ ಗ್ರಾಹಕರೇ ಮಾಡಿದ ವರ್ಗಾವಣೆಗೆ ಈ ರಕ್ಷಣೆ ಪಡೆಯುವುದು ಕಷ್ಟ.
* ವ್ಯಾಪ್ತಿ: ಸಂತ್ರಸ್ತರು ಒಂದು ರಾಜ್ಯದಲ್ಲಿ, ಖಾತೆ ಇನ್ನೊಂದರಲ್ಲಿ, ಕರೆ ಮಾಡಿದವರು ವಿದೇಶದಲ್ಲಿ ಇರುವುದರಿಂದ ತನಿಖೆ ದೀರ್ಘವಾಗುತ್ತದೆ.
* ಅಮಾಯಕರ ಖಾತೆ ಸ್ಥಗಿತ: ವಂಚನೆಯ ಹಣದ ಸಣ್ಣ ಭಾಗ ವ್ಯಾಪಾರದ ಮೂಲಕ ತಲುಪಿದ ಕಾರಣಕ್ಕೆ ಸಂಬಂಧವಿಲ್ಲದವರ ಇಡೀ ಖಾತೆ ಸ್ಥಗಿತಗೊಂಡ ಬಗ್ಗೆ ಹಲವು ಹೈಕೋರ್ಟ್‌ಗಳಲ್ಲಿ ಅರ್ಜಿಗಳು ಸಲ್ಲಿಕೆಯಾಗಿವೆ.
* ವಿಚಾರಣೆಯ ವಿಳಂಬ: ಪ್ರಕರಣ ವಿಚಾರಣೆಗೆ ಬರುವ ವೇಳೆಗೆ ಮುಖ್ಯ ಸಾಕ್ಷಿಯಾದ ಹಿರಿಯರು ಅನಾರೋಗ್ಯಕ್ಕೆ ಒಳಗಾಗಿರಬಹುದು ಅಥವಾ ನಿಧನರಾಗಿರಬಹುದು. ಆದ್ದರಿಂದ ಅವರ ಹೇಳಿಕೆಯನ್ನು ಬೇಗನೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸುವುದಕ್ಕೆ ಮಹತ್ವವಿದೆ.
* ಮರುವಂಚನೆ: ಕಳೆದುಹೋದ ಹಣ ಮರಳಿಸುವುದಾಗಿ ಹೇಳಿಕೊಂಡು ಅದೇ ಸಂತ್ರಸ್ತರನ್ನು ಮತ್ತೆ ಸಂಪರ್ಕಿಸಿ ಶುಲ್ಕ ವಸೂಲಿ ಮಾಡುವ ಜಾಲಗಳೂ ಇವೆ.

## ಇತರ ದೇಶಗಳಲ್ಲಿ

ಅಮೆರಿಕದಲ್ಲಿ 2017ರ ಹಿರಿಯರ ದುರುಪಯೋಗ ತಡೆ ಮತ್ತು ಅಭಿಯೋಜನಾ ಕಾಯ್ದೆಯು ಪ್ರತಿಯೊಂದು ಫೆಡರಲ್ ಅಭಿಯೋಜಕರ ಕಚೇರಿಯಲ್ಲಿ ಹಿರಿಯರ ನ್ಯಾಯ ಸಂಯೋಜಕರನ್ನು ನೇಮಿಸುವಂತೆ ಮಾಡಿತು. ಅಲ್ಲಿನ ಎಫ್‌ಬಿಐನ ಅಂತರ್ಜಾಲ ಅಪರಾಧ ದೂರು ಕೇಂದ್ರದ ಪ್ರಕಾರ, 2024ರಲ್ಲಿ 60 ವರ್ಷ ಮೇಲ್ಪಟ್ಟವರು ವರದಿ ಮಾಡಿದ ನಷ್ಟ ಸುಮಾರು 490 ಕೋಟಿ ಡಾಲರ್.

ಬ್ರಿಟನ್‌ನಲ್ಲಿ 2016ರಲ್ಲಿ ಲಂಡನ್‌ನಿಂದ ಆರಂಭವಾದ ‘ಬ್ಯಾಂಕಿಂಗ್ ಪ್ರೋಟೊಕಾಲ್’ ಪ್ರಕಾರ, ದೊಡ್ಡ ಮೊತ್ತ ತೆಗೆಯಲು ಬಂದ ಗ್ರಾಹಕರು ವಂಚನೆಗೆ ಒಳಗಾಗುತ್ತಿದ್ದಾರೆಂಬ ಅನುಮಾನ ಬಂದರೆ ಶಾಖೆಯ ಸಿಬ್ಬಂದಿ ನೇರವಾಗಿ ಪೊಲೀಸರಿಗೆ ಕರೆ ಮಾಡುತ್ತಾರೆ. ಸಿಂಗಪುರದಲ್ಲಿ 2025ರ ಜುಲೈ 1ರಿಂದ ಜಾರಿಗೆ ಬಂದ ವಂಚನೆ ತಡೆ ಕಾನೂನಿನ ಅಡಿಯಲ್ಲಿ, ವಂಚಕರನ್ನು ನಂಬಿ ಹಣ ಕಳುಹಿಸಲು ಹೊರಟವರ ಖಾತೆಯ ವಹಿವಾಟನ್ನು ಅವರ ಒಪ್ಪಿಗೆ ಇಲ್ಲದೆಯೂ ತಾತ್ಕಾಲಿಕವಾಗಿ ನಿರ್ಬಂಧಿಸಲು ಪೊಲೀಸರು ಬ್ಯಾಂಕಿಗೆ ಆದೇಶಿಸಬಹುದು. ಅಪರಾಧ ನಡೆದ ಬಳಿಕದ ಪತ್ತೆಗಿಂತ, ಹಣ ಖಾತೆಯಿಂದ ಹೊರಡುವ ಮುನ್ನವೇ ತಡೆಯುವುದಕ್ಕೆ ಈ ಎರಡೂ ಕ್ರಮಗಳು ಒತ್ತು ನೀಡುತ್ತವೆ.

## ಇವನ್ನೂ ನೋಡಿ

* ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ
* ಭಾರತೀಯ ನ್ಯಾಯ ಸಂಹಿತೆ
* ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000
* ಕರ್ನಾಟಕ ರಾಜ್ಯ ಪೊಲೀಸ್